ಶಹಾಬಾದ್ ಕಲ್ಲಿನ ಮೇಜು

ಆಳಂದದಲ್ಲಿ ದವಾಖಾನೆ ಹಾಕುತ್ತೇನೆ ಎಂದಾಗ, ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಜೊತೆಗೆ ಓದಿದವರು ಕೇಳಿದ್ದು ಒಂದೇ ಪ್ರಶ್ನೆ: ಆ ಸೀಮೆಯಲ್ಲಿ ನಾಯಿ ಬೆಕ್ಕಿಗೆ ರೊಕ್ಕ ಕೊಟ್ಟು ಔಷಧ ಹಾಕಿಸುವವರು ಯಾರಿದ್ದಾರೆ? ಅವರ ಅನುಮಾನ ಹುಟ್ಟಿದ್ದು ನಾವು ಕಲಿತ ವಿದ್ಯೆಯಿಂದಲೇ. ಎಮ್ಮೆ ದಿನಕ್ಕೆ ಎಷ್ಟು ಲೀಟರ್ ಕರೆಯುತ್ತದೆ, ಎತ್ತು ಇನ್ನೆಷ್ಟು ವರ್ಷ ನೇಗಿಲು ಎಳೆಯುತ್ತದೆ, ಔಷಧದ ಖರ್ಚು ಪ್ರಾಣಿಯ ಬೆಲೆ ಮೀರುತ್ತದೆಯೋ ಇಲ್ಲವೋ, ಇಷ್ಟನ್ನು ಲೆಕ್ಕ ಹಾಕಿ ಚಿಕಿತ್ಸೆಗೆ ಕೈ ಹಾಕಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಹಾಲು ಕೊಡದ, ದುಡಿಯದ ಪ್ರಾಣಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಜನ ಆ ಲೆಕ್ಕ ಹಾಕುವವರೇ ಅಲ್ಲ ಎಂಬುದು ಅವರ ನಡುವೆ ಕೂತು ಕೆಲಸ ಮಾಡಿದಾಗ ನನಗೆ ಗೊತ್ತಾಯಿತು.

ದವಾಖಾನೆ ಎಂದರೆ ಕಲಬುರಗಿ ರಸ್ತೆಯ ಮೇಲೆ, ಗೊಬ್ಬರದಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಶಟರ್ ಹಾಕಿದ ಎರಡು ಖೋಲಿ. ಸ್ಟೀಲಿನ ಮೇಜು ತರಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಗೌಂಡಿಯೊಬ್ಬರು ಇಟ್ಟಿಗೆಯ ಎರಡು ಕಂಬ ಕಟ್ಟಿ ಮೇಲೆ ಶಹಾಬಾದ್ ಕಲ್ಲಿನ ಅಗಲವಾದ ಪರಸಿ ಹಾಸಿಕೊಟ್ಟರು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲ ಅಗೆದರೆ ಪದರು ಪದರಾಗಿ ಏಳುವ ಸುಣ್ಣದ ಕಲ್ಲು ಅದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ನೆಲ, ಕಟ್ಟೆ, ಒಗೆಯುವ ಬಂಡೆ ಎಲ್ಲ ಅದೇ. ಫಿನಾಯಿಲ್ ಹಾಕಿ ತಿಕ್ಕಿದರೆ ಕಲೆ ನಿಲ್ಲುವುದಿಲ್ಲ, ಉಗುರಿನಿಂದ ಕೆರೆದರೂ ಸವೆಯುವುದಿಲ್ಲ. ಅದರ ದೊಡ್ಡ ಗುಣ ತಂಪು. ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 43, 44 ಡಿಗ್ರಿ ಮುಟ್ಟಿದಾಗ ತಗಡಿನ ಶೆಡ್ಡಿನಲ್ಲಿ ಕಟ್ಟಿಹಾಕಿದ ನಾಯಿಗಳು ಬಿಸಿಲು ಬಡಿದು ಬರುತ್ತಿದ್ದವು. ನಾಯಿಯ ಮೈ ಕಾವು ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಇವುಗಳದ್ದು 107 ದಾಟಿರುತ್ತಿತ್ತು. ಆ ಕಲ್ಲಿನ ಮೇಲೆ ಮಲಗಿಸಿ, ನೀರಲ್ಲಿ ತೋಯಿಸಿದ ಗೋಣಿತಟ್ಟು ಹೊದಿಸಿ, ರಕ್ತನಾಳಕ್ಕೆ ಸಲೈನ್ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಏದುಸಿರು ಇಳಿಯುತ್ತಿತ್ತು. ಕಲಬುರಗಿಯಿಂದ ಸ್ಟೀಲಿನ ಮೇಜು ಬಂದ ಮೇಲೂ ನಾನು ಆ ಕಲ್ಲನ್ನು ತೆಗೆಸಲಿಲ್ಲ.

ಮೊದಲ ಮಳೆಗಾಲದಲ್ಲಿ ಹೆಚ್ಚಾಗಿ ಬಂದದ್ದು ಹುಳ ಬಿದ್ದ ಗಾಯಗಳು. ನಾಯಿ ನಾಯಿ ಕಚ್ಚಾಡಿ ಕಿವಿಯ ಬುಡದಲ್ಲಿ ಸಣ್ಣ ಗಾಯ ಮಾಡಿಕೊಂಡಿರುತ್ತವೆ. ನೊಣ ಅಲ್ಲಿ ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಹುಳ ಆಗಿ ಮಾಂಸದೊಳಗೆ ಇಳಿಯುತ್ತವೆ. ಹೊರಗಿನಿಂದ ನೋಡಿದರೆ ಕಾಳಿನಷ್ಟು ತೂತು, ಒಳಗೆ ಬೆರಳು ಹೋಗುವಷ್ಟು ಪೊಳ್ಳು. ಟರ್ಪೆಂಟೈನ್ ಅದ್ದಿದ ಗಾಜ್ ಬಟ್ಟೆಯನ್ನು ತೂತಿನ ಬಾಯಿಗೆ ಇಟ್ಟರೆ ಉಸಿರು ಕಟ್ಟಿ ಹುಳ ಮೇಲೆ ಬರುತ್ತವೆ. ಆಗ ಚಿಮಟದಿಂದ ಒಂದೊಂದನ್ನೇ ತೆಗೆಯಬೇಕು. ಅವಸರ ಮಾಡಿದರೆ ತಳದಲ್ಲಿ ನಾಲ್ಕು ಉಳಿದು ಮತ್ತೆ ಶುರು. ಮಾದನಹಿಪ್ಪರಗಿ ಕಡೆಯ ಒಬ್ಬ ಆಯಿ ತನ್ನ ಹೊಲದ ನಾಯಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಸೀತಾಫಲದ ಎಲೆ ಅರೆದು ರಸ ಹಿಂಡಿ ಮೊದಲೇ ಹಾಕಿದ್ದಳು. ಆ ರಸಕ್ಕೆ ಹುಳ ಕೊಲ್ಲುವ ಗುಣ ಇದೆ, ಅವಳು ಮಾಡಿದ್ದು ಸರಿಯಾಗಿಯೇ ಇತ್ತು, ಗಾಯ ಮಾತ್ರ ಆಳಕ್ಕೆ ಹೋಗಿತ್ತು. ನಾನು ಕೆಲಸ ಮುಗಿಸುವವರೆಗೆ ಆಯಿ ಬ್ಯಾಟರಿ ಹಿಡಿದು ನನ್ನ ಕೈಯ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು. “ಅಗೋ ಅಲ್ಲೊಂದು ಅದ ನೋಡ್ರಿ ಸಾಹೇಬ್ರ, ಕರ್ರಗ ಕಾಣ್ಲಿಕತ್ತದ” ಎಂದು ನನಗಿಂತ ಮೊದಲು ಅವಳೇ ಗುರುತಿಸುತ್ತಿದ್ದಳು. ಯಾರೂ ರೊಕ್ಕ ಕೊಟ್ಟು ಕೊಳ್ಳದ ಬೀದಿತಳಿಯ ನಾಯಿ ಅದು. ಅದರ ಬೆಲೆ ಎಷ್ಟೆಂಬ ಮಾತೇ ಅಲ್ಲಿ ಬರಲಿಲ್ಲ. ಒಮ್ಮೆ ಬಸ್ಸಿನ ಟಿಕೀಟು, ಒಂದು ದಿನದ ಕೂಲಿ, ಔಷಧದ ಖರ್ಚು, ಇಷ್ಟನ್ನೂ ಕೊಟ್ಟು ಮುಂದಿನ ವಾರ ಡ್ರೆಸಿಂಗಿಗೆ ಮತ್ತೆ ಬಂದಳು.

ಮನೆಮದ್ದಿನ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಎರಡಕ್ಕೆ ನಾನು ಎಂದೂ ಒಪ್ಪಲಿಲ್ಲ. ಗಾಯಕ್ಕೆ ಬ್ಯಾಟರಿಯ ಆ್ಯಸಿಡ್ ಸುರಿಯುವುದು ಒಂದು, ಹೊಟ್ಟೆ ಉಬ್ಬರಕ್ಕೂ ಕಾಲು ನೋವಿಗೂ ಕಬ್ಬಿಣ ಕಾಸಿ ಬರೆ ಎಳೆಯುವುದು ಇನ್ನೊಂದು. ಬರೆ ಹಾಕಿದ ಎತ್ತಿನ ಮೈಯ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಆ ಮಾತನ್ನು ಮೆತ್ತಗೆ ಹೇಳಲಾಗುವುದಿಲ್ಲ. ನಾನು ಬೈಯುತ್ತಿದ್ದೆ, ಜನ ಬೈಸಿಕೊಳ್ಳುತ್ತಿದ್ದರು, ಮುಂದಿನ ಸಲ ಬರೆಗೆ ಮೊದಲು ನನ್ನ ಹತ್ತಿರ ಬರುತ್ತಿದ್ದರು.

ವಾರಕ್ಕೊಂದು ದಿನ ಅಫಜಲಪುರ, ಒಂದು ದಿನ ಜೇವರ್ಗಿ. ಅಫಜಲಪುರದಲ್ಲಿ ಪರಿಚಯದವರ ಮನೆಯ ಪಡಸಾಲೆ, ಜೇವರ್ಗಿಯಲ್ಲಿ ಒಂದು ಮೆಡಿಕಲ್ ಅಂಗಡಿಯ ಹಿಂದಿನ ಖೋಲಿ. ಐಸ್ ತುಂಬಿದ ಡಬ್ಬಿಯಲ್ಲಿ ಲಸಿಕೆ, ಚೀಲದಲ್ಲಿ ಸಲೈನ್ ಬಾಟಲಿ, ಮೋಟರ್ ಸೈಕಲ್. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಇಡಬೇಕು, ಹೊರಗೆ ಸುಡುವ ಬಿಸಿಲು, ಮನೆಯಲ್ಲಿ ಕರೆಂಟು ಬಂದು ಹೋಗುವ ಫ್ರಿಜ್. ಬೇಸಿಗೆಯಲ್ಲಿ ನನ್ನ ಅರ್ಧ ಚಿಂತೆ ಐಸಿನದೇ ಆಗಿರುತ್ತಿತ್ತು. ಮಳೆಗಾಲದ್ದು ಬೇರೆ ಪಾಡು. ನಮ್ಮದು ಎರೆ ಭೂಮಿ. ಮಳೆ ಬಿದ್ದ ಎರಡು ದಿನ ಹೊಲದ ದಾರಿಯಲ್ಲಿ ಗಾಲಿ ತಿರುಗುವುದಿಲ್ಲ, ಮಣ್ಣು ಮಡ್‌ಗಾರ್ಡಿಗೆ ತುಂಬಿ ನಿಂತುಬಿಡುತ್ತದೆ. ಗಾಡಿ ಡಾಂಬರು ರಸ್ತೆಯಲ್ಲಿ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು.

ಜೋಳದ ಸೀಮೆಯ ಪಶುವೈದ್ಯನಿಗೆ ಮರೆಯಲಾಗದ ಒಂದು ಸಂಕಟ ಇದೆ. ನಮ್ಮಲ್ಲಿ ಬಿಳಿಜೋಳ ಹಿಂಗಾರಿ ಬೆಳೆ. ಮಾಗಿಯಲ್ಲಿ ತೆನೆ ಕಟ್ಟಿ, ಬೇಸಿಗೆ ಕಾಲಿಡುವ ಮೊದಲು ಕೊಯ್ಲು. ಕೊಯ್ದ ಮೇಲೆ ಅಕಾಲದ ಮಳೆ ಒಂದು ಬಿದ್ದರೆ ಕೂಳೆಯಿಂದ ಹಚ್ಚಗೆ ಚಿಗುರು ಹೊಡೆಯುತ್ತದೆ. ಒಣ ಕಣಿಕೆ ತಿಂದು ಬೇಸತ್ತ ದನಕ್ಕೆ ಆ ಹಸಿರು ಕಂಡರೆ ಕಣ್ಣು ನಿಲ್ಲುವುದಿಲ್ಲ. ಆದರೆ ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಜಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಅದು ಇನ್ನೂ ವೇಗ. ತಿಂದ ಸ್ವಲ್ಪ ಹೊತ್ತಿಗೆ ನಡುಕ, ಏದುಸಿರು, ದೊಪ್ಪನೆ ಬೀಳುವುದು. ರಕ್ತದಲ್ಲಿ ಆಮ್ಲಜನಕ ಇರುತ್ತದೆ, ಜೀವಕೋಶ ಅದನ್ನು ಬಳಸಲಾರದು. ಅದಕ್ಕೇ ಕಣ್ಣಿನ ರೆಪ್ಪೆ ಮಗುಚಿದರೆ ಒಳಗೆ ಕೆಂಪು ಹೊಳೆಯುತ್ತಿರುತ್ತದೆ.

ಅಫಜಲಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಾಗೆ ಬಿದ್ದದ್ದು ಒಂದು ಮುದಿ ದೇವಣಿ ಎತ್ತು, ಬಿಳಿ ಮೈ, ಕಪ್ಪು ಮುಖ. ದುಡಿಮೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಗ್ಗ ಹರಿದುಕೊಂಡು ಪಕ್ಕದ ಹೊಲಕ್ಕೆ ಹೋಗಿ ಕೂಳೆ ಚಿಗುರು ಮೇದಿತ್ತು. ನಾನು ಹೋಗುವ ಹೊತ್ತಿಗೆ ನೆಲಕ್ಕೆ ಕೊರಳು ಚೆಲ್ಲಿ ಕಾಲು ಬಡಿಯುತ್ತಿತ್ತು. ಈ ವಿಷಕ್ಕೆ ಮದ್ದು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ಎರಡನೆಯದನ್ನು ಫೋಟೊ ಸ್ಟುಡಿಯೊದವರು ಹೈಪೊ ಎನ್ನುತ್ತಿದ್ದರು, ಕಪ್ಪು ಬಿಳುಪಿನ ಕಾಲದಲ್ಲಿ ಚಿತ್ರ ಅಳಿಯದಂತೆ ಮಾಡಲು ಅವರಿಗೆ ಅದೇ ಬೇಕಿತ್ತು. ವೃತ್ತಿಯ ಹೊಸದರಲ್ಲಿ ಸ್ಟುಡಿಯೊದಿಂದಲೇ ಹೈಪೊ ಹರಳು ಕೊಂಡು ಚೀಲದಲ್ಲಿ ಇಟ್ಟುಕೊಳ್ಳುವುದನ್ನು ಹಿರಿಯ ವೈದ್ಯರು ನಮಗೆ ಕಲಿಸಿದ್ದರು. ಆ ದಿನ ರಕ್ತನಾಳಕ್ಕೆ ಶುದ್ಧ ದ್ರಾವಣ ನಿಧಾನವಾಗಿ ಹೋಗುತ್ತಿದ್ದರೆ, ಹೊಟ್ಟೆಯಲ್ಲಿ ಉಳಿದ ವಿಷಕ್ಕೆಂದು ಹೈಪೊ ನೀರನ್ನು ಆಮೇಲೆ ಗೊಟ್ಟದಲ್ಲಿ ಹಾಕಲು ಸಿದ್ಧ ಮಾಡಿಟ್ಟಿದ್ದೆ. ನಡುಕ ನಿಂತಿತು. ಎತ್ತು ತಲೆ ಎತ್ತಿತು, ಎದೆಯ ಮೇಲೆ ಕೂತಿತು. ಇನ್ನೊಂದು ಗಳಿಗೆಗೆ ಮುಂಗಾಲು ಊರಿ ಎದ್ದು ನಿಂತು ಮೈ ಕೊಡವಿತು. ಔಷಧ ಕೊಟ್ಟವನ ಕಣ್ಣೆದುರೇ ಸತ್ತಂತಿದ್ದ ಪ್ರಾಣಿ ಎದ್ದು ನಿಲ್ಲುವುದು ನಮ್ಮ ವೃತ್ತಿಯಲ್ಲಿ ಅಪರೂಪ. ಜೋಳದ ನಂಜಿನಲ್ಲಿ, ಹೊತ್ತಿಗೆ ಸರಿಯಾಗಿ ಮುಟ್ಟಿದರೆ, ಅದು ಕಾಣಸಿಗುತ್ತದೆ.

ಎತ್ತಿನ ಯಜಮಾನ ಮುತ್ತ್ಯಾನಿಗೆ ನಾನು ಸುಮ್ಮನೆ ಕೇಳಿದೆ, ಇಷ್ಟು ಮುದಿಯಾದ ಎತ್ತನ್ನು ಕಟ್ಟಿಕೊಂಡು ಮೇವು ಹೇಗೆ ಹೊಂದಿಸುತ್ತೀರಿ ಎಂದು. ಅವರು ಎತ್ತಿನ ಬೆನ್ನಿನ ಮೇಲಿನ ಮಣ್ಣು ಒರೆಸುತ್ತ, “ನಮ್ಮ ಮನಿ ಮೂರು ಹೆಣ್ಣುಮಕ್ಕಳ ಲಗ್ನ ಇಂವನ ಹೆಗಲ ಮ್ಯಾಲೆ ಆಗ್ಯಾವರಿ. ಈಗ ಕುಂತು ಉಣ್ಲಿ” ಎಂದರು. ಮನೆಯಲ್ಲಿ ನೇಗಿಲಿಗೆ ಬೇರೆ ಜೋಡಿ ಇತ್ತು. ಕಾರ ಹುಣ್ಣಿಮೆಗೆ ಮಾತ್ರ ಈ ಮುದಿ ಎತ್ತಿಗೇ ಮೊದಲು ಕೊಂಬು ಸವರಿ ಬಣ್ಣ ಹಚ್ಚುತ್ತಾರೆ ಎಂದು ಸೊಸೆ ಹೇಳಿದಳು. ಸಾಕುಪ್ರಾಣಿ ಎಂದರೆ ಪೇಟೆಯ ಸೋಫಾದ ಮೇಲಿನ ನಾಯಿ ಎಂದುಕೊಂಡವರು ಆ ಅಂಗಳ ನೋಡಬೇಕಿತ್ತು.

ಪೇಟೆಯ ನಾಯಿಗಳೂ ಬಂದವು. ಸಾಲಿ ಮಾಸ್ತರರು, ಬ್ಯಾಂಕಿನವರು, ಸಕ್ಕರೆ ಕಾರ್ಖಾನೆಯ ನೌಕರರು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಪೊಮೆರೇನಿಯನ್, ಲ್ಯಾಬ್ರಡಾರ್ ಮರಿ ತರತೊಡಗಿದರು. ಅವುಗಳ ಜೊತೆ ಪಾರ್ವೊ ಬಂತು. 1978ರ ಸುಮಾರಿಗೆ ಜಗತ್ತಿನ ನಾಯಿಗಳಲ್ಲಿ ಮೊದಲ ಬಾರಿ ಕಾಣಿಸಿಕೊಂಡ ವೈರಸ್ ಅದು, ಈಗ ಪ್ರತಿ ತಾಲ್ಲೂಕಿನಲ್ಲೂ ಇದೆ. ವಾಂತಿ, ಆಮೇಲೆ ರಕ್ತಭೇದಿ. ಆ ವಾಸನೆ ಬಾಗಿಲಲ್ಲೇ ರೋಗದ ಹೆಸರು ಹೇಳುತ್ತದೆ. ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಮರಿ ತಾನೇ ಗೆಲ್ಲುವವರೆಗೆ ನೀರು, ಲವಣ, ಸಕ್ಕರೆ ರಕ್ತನಾಳಕ್ಕೆ ಹೋಗುತ್ತಿರಬೇಕು, ಬೇರೆ ಸೋಂಕು ಹತ್ತದಂತೆ ಕಾಯಬೇಕು. ಗೋಡೆಯ ಮೊಳೆಗೆ ಸಲೈನ್ ಬಾಟಲಿ ತೂಗುಹಾಕಿ, ಕೆಳಗೆ ಚಾಪೆ ಹಾಸಿ ಇಡೀ ಕುಟುಂಬ ಪಾಳಿಯಲ್ಲಿ ಕೂಡುತ್ತಿತ್ತು. ಅಫಜಲಪುರದ ಒಬ್ಬ ಮಾಸ್ತರರು ಮರಿಯ ಕಾಲು ಅಲುಗದಂತೆ ಹಿಡಿದುಕೊಂಡೇ ರಾತ್ರಿಯೆಲ್ಲ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದರು. ಅವರ ಮರಿ ಉಳಿಯಿತು. ಎಷ್ಟೋ ಮರಿಗಳು ಉಳಿಯಲಿಲ್ಲ. ಆರೆಂಟು ವಾರದ ವಯಸ್ಸಿಗೆ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಕೊಟ್ಟರೆ ಈ ರೋಗವನ್ನು ಬಹುಪಾಲು ತಡೆಯಬಹುದು. ಮಾರುವವರು ಒಂದು ಸೂಜಿ ಚುಚ್ಚಿ ಎಲ್ಲ ಮುಗಿದಿದೆ ಎಂದು ಹೇಳಿ ಕಳಿಸುತ್ತಿದ್ದರು. ಆ ಸುಳ್ಳಿಗೆ ಅಳುತ್ತಿದ್ದವರು ಮಕ್ಕಳು.

ಇನ್ನು ಹುಚ್ಚುನಾಯಿ ರೋಗದ ಮಾತು. ಇದನ್ನು ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ಜೇವರ್ಗಿಯ ಆ ಮೆಡಿಕಲ್ ಅಂಗಡಿಗೆ ಒಂದು ಮಧ್ಯಾಹ್ನ ಟಂಟಂ ಮಾಡಿಕೊಂಡು ಒಂದು ಮನೆಯವರು ಬಂದರು. ಹತ್ತು ವರ್ಷದ ಹುಡುಗನ ತೊಡೆಯ ಮೇಲೆ ಕಂದು ಬಣ್ಣದ ನಾಯಿ. ಕೆಳದವಡೆ ಜೋತುಬಿದ್ದಿತ್ತು, ನಾಲಿಗೆ ಒಣಗಿತ್ತು, ಬಾಯಿಂದ ಜೊಲ್ಲು ಎಳೆಯಾಗಿ ಹುಡುಗನ ಚಡ್ಡಿಯ ಮೇಲೆ ಇಳಿಯುತ್ತಿತ್ತು. ಅದು ಯಾರ ಮೇಲೂ ಏರಿಹೋಗುತ್ತಿರಲಿಲ್ಲ, ಬೊಗಳುತ್ತಲೂ ಇರಲಿಲ್ಲ. ಹುಡುಗನ ಅವ್ವ ಹೇಳಿದಳು: “ಗಂಟಲಾಗ ಎಲುಬು ಸಿಕ್ಕದರಿ ಸಾಹೇಬ್ರ. ಇವರ ಕಾಕಾ ಬಾಯಾಗ ಕೈ ಹಾಕಿ ಹುಡುಕ್ಯಾನ, ಸಿಗವಲ್ದು.”

ಗಂಟಲಲ್ಲಿ ಎಲುಬು. ಮೂಕ ಬಗೆಯ ರೇಬೀಸ್ ಆದ ನಾಯಿಯನ್ನು ತಂದವರು ಬಹುತೇಕ ಹೇಳುವುದು ಇದನ್ನೇ. ಕಣ್ಣು ಕೆಂಪಾಗಿ ಸಿಕ್ಕಸಿಕ್ಕವರನ್ನು ಕಚ್ಚುವ ನಾಯಿಯನ್ನು ಜನ ದೂರದಿಂದಲೇ ಗುರುತಿಸುತ್ತಾರೆ. ದವಡೆ ಸೋತು, ನುಂಗಲಾಗದೆ, ಮೂಲೆ ಹಿಡಿದು ಕೂಡುವ ನಾಯಿಯ ಮೇಲೆ ಎಲ್ಲರಿಗೂ ಕರುಣೆ ಹುಟ್ಟುತ್ತದೆ. ಬಾಯಿ ತೆರೆದು ನೋಡುತ್ತಾರೆ, ನೀರು ಕುಡಿಸುತ್ತಾರೆ, ಕೆರೆದ ಗಾಯದ ಕೈಯಲ್ಲಿ ಜೊಲ್ಲು ಒರೆಸುತ್ತಾರೆ. ಪ್ರೀತಿ ಇದ್ದಷ್ಟೂ ಅಪಾಯ ಹೆಚ್ಚು.

ಹುಡುಗನಿಗೆ ನಾಯಿಯನ್ನು ಮೆಲ್ಲಗೆ ಕೆಳಗಿಡಲು ಹೇಳಿದೆ. ಕುಣಿಕೆಯ ಕೋಲಿನಲ್ಲಿ ಹಿಡಿದು, ಖಾಲಿ ಖೋಲಿಯಲ್ಲಿ ಕಟ್ಟಿ ಬಾಗಿಲು ಹಾಕಿದೆ. ಹೊರಗಿನ ನಳದ ಕೆಳಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೈ, ತೊಡೆ, ಎಲ್ಲೆಲ್ಲಿ ಜೊಲ್ಲು ತಾಗಿತ್ತೋ ಅಲ್ಲೆಲ್ಲ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಸಿದೆ. ಆ ನೀರು ಮತ್ತು ಸಾಬೂನು ಆಸ್ಪತ್ರೆಯ ಸೂಜಿಯಷ್ಟೇ ಮುಖ್ಯ. ಮನೆಯಲ್ಲಿ ಇನ್ನಾರು ಮುಟ್ಟಿದ್ದಾರೆ, ಅಕ್ಕಪಕ್ಕದವರು ಯಾರು, ಎಮ್ಮೆಗೆ ಕಚ್ಚಿದೆಯೇ, ಒಂದೊಂದೇ ಕೇಳಿ ಬರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಚೀಟಿ ಕೊಟ್ಟು ಕಳಿಸಿದೆ. ಹುಡುಗ ಹೋಗುವ ಮೊದಲು ಬಾಗಿಲ ಹತ್ತಿರ ನಿಂತು, “ಅದಕ್ಕೂ ಒಂದು ಸೂಜಿ ಹಾಕ್ರಿ” ಎಂದ. ಅದಕ್ಕೆ ಹಾಕುವ ಸೂಜಿಯ ಹೊತ್ತು ಮೀರಿತ್ತು. ರೋಗಲಕ್ಷಣ ಶುರುವಾದ ಮೇಲೆ ರೇಬೀಸಿಗೆ ಮನುಷ್ಯನಲ್ಲೂ ಪ್ರಾಣಿಯಲ್ಲೂ ಮದ್ದಿಲ್ಲ. ಕೊನೆಗೊಮ್ಮೆ ತಲೆ ಸವರುತ್ತೇನೆ ಎಂದವನನ್ನು ನಾನು ಮುಟ್ಟಲು ಬಿಡಲಿಲ್ಲ. ಆ ವೃತ್ತಿಯಲ್ಲಿ ನಾನು ಹೇಳಿದ ಅತಿ ಕಠಿಣವಾದ ‘ಬೇಡ’ ಅದೇ.

ನಾಯಿ ಮರುದಿನ ಸತ್ತಿತು. ಮೆದುಳಿನ ಮಾದರಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಐಸಿನಲ್ಲಿ ಹೋಯಿತು, ರೇಬೀಸ್ ಎಂದು ಖಚಿತವಾಯಿತು. ಮನೆಯವರೆಲ್ಲ ಒಂದು ಸೂಜಿಯನ್ನೂ ತಪ್ಪಿಸದೆ ಕೋರ್ಸ್ ಮುಗಿಸಿದರು. ಹುಡುಗ ಈಗ ಕಲಬುರಗಿಯಲ್ಲಿ ಪದವಿ ಓದುತ್ತಿದ್ದಾನೆ. ಆ ನಾಯಿಗೆ ವರ್ಷಕ್ಕೊಮ್ಮೆ ಒಂದು ಮಿಲಿ ಲಸಿಕೆ ಬಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಭಾರತದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅವರಲ್ಲಿ ಬಹಳಷ್ಟು ಮಕ್ಕಳು. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಮುಟ್ಟಿದರೆ ರೋಗ ಹಬ್ಬುವ ದಾರಿ ಮುಚ್ಚುತ್ತದೆ. ಸಾಧ್ಯವಾಗದ ಮಾತೇನಲ್ಲ ಇದು.

ಆ ಹುಡುಗನ ಊರಿನಿಂದಲೇ ಶುರು ಮಾಡಿದೆವು. ಸಾಲಿ ಹುಡುಗರು ಜೋಳದ ರೊಟ್ಟಿ ಮುರಿದು ಹಾಕಿ ಬೀದಿನಾಯಿಗಳನ್ನು ಕೂಡಿಸುತ್ತಿದ್ದರು. ಯಾವ ನಾಯಿ ಯಾರ ಕೈಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ಲಸಿಕೆ, ಗುರುತಿಗೆ ಬೆನ್ನ ಮೇಲೆ ಬಣ್ಣ. ಪ್ರತಿವರ್ಷ ಸೆಪ್ಟೆಂಬರ್ 28, ಅಂದರೆ ಲೂಯಿ ಪಾಶ್ಚರ್ ತೀರಿಕೊಂಡ ದಿನ, ರೇಬೀಸ್ ದಿನ. ನಾವು ಆ ದಿನದ ಹಿಂದೆಮುಂದೆ ಊರೂರಿಗೆ ಹೋಗುತ್ತಿದ್ದೆವು.

ಗಾಣಗಾಪುರದಲ್ಲಿ ಈ ಕೆಲಸ ಬೇರೆಯದೇ ರೀತಿ ನಡೆಯಿತು. ಆಳಂದ ಸೀಮೆಯ ನೀರು ಅಮರ್ಜಾ ಹೊಳೆಯಾಗಿ ಅಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಊರು. ದತ್ತನ ಪಟದಲ್ಲಿ ಹಿಂದೆ ಆಕಳು, ಕಾಲ ಬಳಿ ನಾಲ್ಕು ನಾಯಿ, ನಾಲ್ಕು ವೇದಗಳೇ ಹಾಗೆ ನಿಂತಿವೆ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತು ಸ್ವಾಮಿ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆಯಿಂದ ಭಕ್ತರು ಮಧುಕರಿ ಬೇಡುತ್ತಾರೆ, ನೀಡುತ್ತಾರೆ. ನಾಯಿಗೆ ಕಲ್ಲೆಸೆಯುವವರು ಆ ಹೊತ್ತಿನಲ್ಲಿ ಸಿಗುವುದಿಲ್ಲ. ಅನ್ನ ಹಾಕುವ ಕೈಗಳಿಗೇ ನಾನು ಕೇಳಿಕೊಂಡೆ, ನೀವು ಹಿಡಿದುಕೊಡಿ, ನಾನು ಸೂಜಿ ಹಾಕುತ್ತೇನೆ. ಹೂವು ಕಾಯಿ ಮಾರುವ ಒಬ್ಬ ಹೆಣ್ಣುಮಗಳು ತನ್ನ ಅಂಗಡಿಯ ಮುಂದೆ ಮಲಗುವ ಏಳು ನಾಯಿಗಳನ್ನು ಹೆಸರು ಹಿಡಿದು ಕರೆದು ಒಂದೊಂದಾಗಿ ತೊಡೆಯ ಮೇಲೆ ಒತ್ತಿ ಹಿಡಿದಳು. ಅಲ್ಲಿಯೇ ಇನ್ನೊಬ್ಬಳು ಆಯಿ, ಗರ್ಭ ನಿಲ್ಲದ ಎಮ್ಮೆಯನ್ನು ತೋರಿಸಿ, “ಗುರುಗಳು ಇದೇ ಊರಾಗ ಗೊಡ್ಡೆಮ್ಮಿ ಹಾಲು ಕರಿಸ್ಯಾರ. ನಿಮ್ಮ ಕೈಲೆ ಏನ್ ಆಗ್ತದ ನೋಡ್ರಿ” ಎಂದಳು. ನರಸಿಂಹ ಸರಸ್ವತಿಯವರ ಆ ಕತೆ ಗುರುಚರಿತ್ರೆಯಲ್ಲಿದೆ, ಅಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಜಂತಿನ ಔಷಧ, ಖನಿಜ ಮಿಶ್ರಣ ಕೊಟ್ಟೆ. ಎಮ್ಮೆ ಆ ವರ್ಷವೇ ಬೆದೆಗೆ ಬಂದು ಗಬ್ಬ ನಿಂತಿತು. ಆಯಿ ಪುಣ್ಯವನ್ನು ಗುರುಗಳಿಗೂ ಗಿಣ್ಣದ ಹಾಲನ್ನು ನನಗೂ ಕೊಟ್ಟಳು.

2020ರ ಅಕ್ಟೋಬರಿನಲ್ಲಿ ಭೀಮಾ ತುಂಬಿ ಬಂತು. ಮಹಾರಾಷ್ಟ್ರದ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರೊಳಗೆ ಹೊಕ್ಕಿತು. ಜನರನ್ನು ಕಾಳಜಿ ಕೇಂದ್ರಗಳಿಗೆ ಕರೆತರುವವರು ಬೇಗ ಬೇಗ ಎಂದು ಅವಸರಿಸುತ್ತಿದ್ದರೆ, ಎಷ್ಟೋ ಜನ ದನದ ಹಗ್ಗ ಬಿಚ್ಚದೆ ಹೊರಡಲು ಒಪ್ಪಲಿಲ್ಲ. ಅದನ್ನು ಹಟ ಎಂದರು ಕೆಲವರು. ನನಗೆ ಹಾಗೆ ಅನಿಸಲಿಲ್ಲ. ಮನುಷ್ಯರಿಗೆ ಮಾತ್ರ ಜಾಗ ಇಟ್ಟುಕೊಂಡ ಯಾವ ವ್ಯವಸ್ಥೆಯೂ ಈ ಊರುಗಳಿಗೆ ಸಾಲದು, ದೋಣಿ ಕಳಿಸುವಾಗಲೇ ದನಕ್ಕೆ ಎತ್ತರದ ಜಾಗ, ಮೇವು, ಒಬ್ಬ ವೈದ್ಯ ಇಷ್ಟನ್ನು ಗೊತ್ತು ಮಾಡಿರಬೇಕು. ಸಾಲಿಯ ವರಾಂಡದಲ್ಲಿ ಒಬ್ಬ ತಾಯಿ ಬುಟ್ಟಿಯಲ್ಲಿ ಕೋಳಿ, ಕಂಕುಳಲ್ಲಿ ಆಡಿನ ಮರಿ ಇಟ್ಟುಕೊಂಡು ಕೂತಿದ್ದಳು. ನೆರೆ ಇಳಿದ ಮೇಲೆ ದಿನಗಟ್ಟಲೆ ಕೆಸರಿನಲ್ಲಿ ನಿಂತ ಗೊರಸುಗಳ ಕೊಳೆತ ತೊಳೆದೆವು, ಕುರಿಗಳ ಕೆಮ್ಮಿಗೆ ಔಷಧ ಕೊಟ್ಟೆವು, ಗಳಲೆ ರೋಗದ ಲಸಿಕೆ ಹಾಕುತ್ತ ನಡೆದೆವು. ತೊಗರಿ ಹೊಲ ಕಪ್ಪಾಗಿ ನಿಂತಿತ್ತು. ಅದರ ನಡುವೆ ಒಬ್ಬರೂ ನನ್ನ ಹತ್ತಿರ ಮೊದಲು ಬೆಳೆಯ ಮಾತು ಎತ್ತಲಿಲ್ಲ, ಎಮ್ಮಿ ಬದುಕ್ತದೇನ್ರಿ ಎಂದೇ ಕೇಳಿದರು.

ದುಡ್ಡಿನ ಮಾತು ಮುಚ್ಚಿಡುವುದು ಸರಿಯಲ್ಲ. ಔಷಧದ ರೊಕ್ಕವನ್ನು ನಾನು ತಗೊಳ್ಳುತ್ತಿದ್ದೆ, ಬಿಡುತ್ತಿರಲಿಲ್ಲ. ಪುಕ್ಕಟೆ ದವಾಖಾನೆ ಬಹಳ ದಿನ ಬಾಗಿಲು ತೆರೆದಿರುವುದಿಲ್ಲ. ನನ್ನ ಫೀಸು ಮಾತ್ರ ಅವರವರ ಸುಗ್ಗಿಯ ಮೇಲೆ ನಿಂತಿತ್ತು. ತೊಗರಿ ಮಾರಿದ ಮೇಲೆ ಕೊಡುವವರು, ಕಬ್ಬಿನ ಬಿಲ್ ಬಂದ ಮೇಲೆ ಕೊಡುವವರು. ಮಾಗಿಯಲ್ಲಿ ಸುಟ್ಟ ಸೀತನಿ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದು ಸಜ್ಜಿ ರೊಟ್ಟಿ, ಬಜ್ಜಿ. ಕೊಡದೆ ಉಳಿದವರು ಬಹಳ ಕಡಿಮೆ, ಅವರಿಗೂ ಕೊಡಲಾಗದ ಕಾರಣ ಇತ್ತೆಂದೇ ನಾನು ನಂಬಿದ್ದೇನೆ.

ಟ್ರ್ಯಾಕ್ಟರ್ ಬಂದು ಎತ್ತಿನ ಜೋಡಿ ಕಡಿಮೆಯಾದಂತೆ ಅಂಗಳದ ಗೂಟಗಳು ಖಾಲಿಯಾದವು. ಕಾರ ಹುಣ್ಣಿಮೆಗೆ ಊರಿನ ಅಗಸಿಯಲ್ಲಿ ಓಡುವ ಜೋಡಿಗಳು ವರ್ಷ ವರ್ಷಕ್ಕೆ ಕಡಿಮೆ. ಆದರೆ ಪ್ರಾಣಿಯ ಜೊತೆ ಬದುಕುವ ರೂಢಿ ಎತ್ತಿನ ಹಿಂದೆಯೇ ಹೋಗಲಿಲ್ಲ. ನಾಯಿ ಅಂಗಳದಿಂದ ಪಡಸಾಲೆಗೆ ಬಂತು, ಬೆಕ್ಕಿಗೂ ಜಂತಿನ ಔಷಧ ಕೇಳುವವರು ಬಂದರು, ಕಾಲೇಜಿಗೆ ಹೋಗುವ ಹುಡುಗಿಯರು ಗಾಯದ ವೀಡಿಯೊ ಮೊಬೈಲಿಗೆ ಕಳಿಸಿ ಬರಬೇಕೇ ಎಂದು ಕೇಳತೊಡಗಿದರು. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶುವಾಹನ ಬಾಗಿಲಿಗೆ ಬರುವ ಕಾಲ ಇದು. ಹೊಲದಲ್ಲಿ ಬಿದ್ದ ಎತ್ತಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನಿಗೆ ಚೆನ್ನಾಗಿ ಗೊತ್ತು.

ದವಾಖಾನೆಯನ್ನು ಈಗ ಬೀದರಿನಲ್ಲೇ ಓದಿ ಬಂದ ಒಬ್ಬ ಹುಡುಗಿ ನಡೆಸುತ್ತಾಳೆ. ಸ್ಕ್ಯಾನಿಂಗ್ ಯಂತ್ರ ತಂದಿದ್ದಾಳೆ, ದರಪಟ್ಟಿ ಬರೆಸಿ ಹಾಕಿದ್ದಾಳೆ, ಹೆಣ್ಣುನಾಯಿಗಳ ಶಸ್ತ್ರಚಿಕಿತ್ಸೆ ನನಗಿಂತ ಚೊಕ್ಕಟವಾಗಿ ಮಾಡುತ್ತಾಳೆ. ನನಗೆ ಹೊಳೆಯದಿದ್ದ ಒಂದು ಕೆಲಸವನ್ನೂ ಅವಳು ಶುರು ಮಾಡಿದ್ದಾಳೆ. ಕುರುಬರು ಹಿಂಡು ಹೊಡೆದುಕೊಂಡು ಗಡಿ ದಾಟಿ ಅಕ್ಕಲಕೋಟ, ಉಮರ್ಗಾ ಕಡೆ ಹೋಗುತ್ತಾರೆ. ತೋಳದಿಂದ ಹಿಂಡು ಕಾಯುವ ಅವರ ನಾಯಿಗಳಿಗೆ ಇಲ್ಲಿ ಲಸಿಕೆ ಹಾಕಿದರೂ ಮುಂದಿನ ಸೂಜಿಯ ಹೊತ್ತಿಗೆ ಅವರು ಮಹಾರಾಷ್ಟ್ರದಲ್ಲಿ ಇರುತ್ತಾರೆ. ಪ್ರತಿ ನಾಯಿಗೂ ಒಂದು ಕಾರ್ಡು ಮಾಡಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿಯಲ್ಲಿ ಲಸಿಕೆಯ ಹೆಸರು, ತಾರೀಖು ಬರೆದು ಪ್ಲಾಸ್ಟಿಕ್ ಹೊದಿಸಿ ಕೊಡುತ್ತಾಳೆ. ಮರಾಠಿ ಬದಿಯ ಅಕ್ಷರ ತಿದ್ದಲು ಮೊನ್ನೆ ನನ್ನ ಹತ್ತಿರ ಬಂದಿದ್ದಳು. ಮುಂದಿನ ವಾರ ಒಂದು ಹಿಂಡು ಆಳಂದದ ಮೇಲೆ ಹಾದುಹೋಗುವುದಿದೆ, ಹನ್ನೊಂದು ನಾಯಿಗಳಂತೆ.